ಏಳನೆಯ ಚೌಕ, ಎಂಟನೆಯ ಚೌಕ

ಮಾದಾಪುರ, ಕೊಡಗು ರಾಜ್ಯ
೮ ಫೆಬ್ರವರಿ ೧೯೫೩

ಶ್ರೀನಿಧಿ ಫೋಟೋ ಸ್ಟೋರ್ಸ್‌ನವರಿಗೆ,
ಮೌಂಟ್ ರೋಡ್, ಮದರಾಸು.

ನಾನು ಮಾದಾಪುರದ ಏಲಕ್ಕಿ ಮಂಡಿ ಮನೆಯ ಗುರುಸಿದ್ದಮ್ಮ. ನನ್ನ ಯಜಮಾನರು ಲಿಂಗೈಕ್ಯರಾಗಿ ಒಂಬತ್ತು ವರ್ಷವಾಯಿತು. ಅಂದಿನಿಂದ ಮನೆ, ಮಂಡಿ, ಹದಿನೆಂಟು ಎಕರೆ ಕಾಫಿ, ಎಲ್ಲವೂ ನನ್ನ ಮಾತಿನಲ್ಲಿ ನಡೆಯುತ್ತಿವೆ. ಹಾಸನದಲ್ಲಿ ಹೈಸ್ಕೂಲು ಮುಗಿಸಿದ್ದೇನೆ. ನಮ್ಮ ಜನರ ಮದುವೆಗಳಲ್ಲಿ ಮೊದಲ ವೀಳ್ಯ ನಮ್ಮ ಮನೆಗೋ ದೊಡ್ಡಮನೆಗೋ ಎಂಬ ವಾದ ನನ್ನ ಮಾವನವರ ಕಾಲದಿಂದ ಇದೆ. ನಾನು ಈ ಮನೆಗೆ ಬಂದ ಮೇಲೆ ಆ ವಾದ ಕಡಿಮೆಯಾಗಿದೆ. ಪತ್ರ ಯಾರದೆಂದು ತಿಳಿಯದೆ ನೀವು ಬೇಕಾಬಿಟ್ಟಿ ಉತ್ತರ ಕೊಡಬಾರದೆಂದು ಇಷ್ಟು ಬರೆದೆ.

ನನಗೆ ಒಂದು ಕ್ಯಾಮೆರಾ ಬೇಕು. ಕಾರಣ ಹೇಳುತ್ತೇನೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕುಳ್ಳಿರಿಸುತ್ತೇವೆ. ಸಮಾಧಿಗೆ ಇಳಿಸುವುದೂ ಹಾಗೆಯೇ. ಹೊರಡುವ ಮುಂಚೆ ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದು ಈಗ ಇಪ್ಪತ್ತು ವರ್ಷದಿಂದ ನಡೆದು ಬಂದಿದೆ. ಎಷ್ಟೋ ಜನರಿಗೆ ಬದುಕಿನಲ್ಲಿ ಇರುವುದು ಅದೊಂದೇ ಫೋಟೋ.

ಕಳೆದ ತಿಂಗಳು ನನ್ನ ಅತ್ತೆಯವರು ಲಿಂಗೈಕ್ಯರಾದರು. ಪೇಟೆಯಿಂದ ಕರೆಸಿದ ಫೋಟೋದವನು ಒಂದು ಮಾತೂ ಕೇಳದೆ ಅವರ ಎದೆಯ ಮೇಲಿನ ಸೆರಗನ್ನು ತನ್ನ ಕೈಯಿಂದ ಎಳೆದು ಸರಿಮಾಡಿದ. ಬದುಕಿದ್ದಾಗ ನನ್ನ ಅತ್ತೆಯವರು ವೈದ್ಯರಿಗೂ ನಾಡಿ ಹಿಡಿಯಲು ಕೈಮೇಲೆ ಬಟ್ಟೆ ಹಾಕಿ ಕೊಟ್ಟವರು. ಅಂದೇ ತೀರ್ಮಾನಿಸಿದೆ, ಇನ್ನು ಈ ಊರಿನಲ್ಲಿ ಆ ಕೆಲಸಕ್ಕೆ ಹೊರಗಿನವನು ಬೇಡ.

ವಾರಪತ್ರಿಕೆಯಲ್ಲಿ ನಿಮ್ಮ ಜಾಹೀರಾತು ನೋಡಿದೆ. ಕನ್ನಡದಲ್ಲಿ ಬರೆಯಬಹುದೆಂದು ಹಾಕಿದ್ದೀರಿ. ನಿಮ್ಮಲ್ಲಿರುವ ಮಾದರಿಗಳು ಯಾವುವು, ಜೊತೆಗೆ ಏನೇನು ಬೇಕಾಗುತ್ತದೆ, ಏನು ಬೇಡ, ಎರಡನ್ನೂ ತಿಳಿಸಿ.

ಗುರುಸಿದ್ದಮ್ಮ


ಮದರಾಸು
೧೯ ಫೆಬ್ರವರಿ ೧೯೫೩

ಮಾತೃಶ್ರೀ ಗುರುಸಿದ್ದಮ್ಮನವರಿಗೆ ನಮಸ್ಕಾರಗಳು.

ಕನ್ನಡ ಪತ್ರಗಳಿಗೆ ಉತ್ತರ ಬರೆಯುವುದು ಈ ಅಂಗಡಿಯಲ್ಲಿ ನಾನೊಬ್ಬನೇ. ಹೆಸರು ಸಣ್ಣಸ್ವಾಮಿ. ನಮ್ಮವರು ಹಾಸನ ಸೀಮೆಯಿಂದ ಬಂದು ಕುಶಾಲನಗರದ ಪಕ್ಕ ಗದ್ದೆ ಮಾಡಿಕೊಂಡವರು. ತಾಯಿ ಕಾಳಮ್ಮ ಈಗಲೂ ಅಲ್ಲೇ ಇದ್ದಾರೆ. ಲಕೋಟೆಯ ಮೇಲೆ ಮಾದಾಪುರದ ಮುದ್ರೆ ನೋಡಿ ಒಂದು ಗಳಿಗೆ ಕೆಲಸ ನಿಲ್ಲಿಸಿ ಕುಳಿತೆ.

ನಿಮ್ಮ ಕೆಲಸಕ್ಕೆ ಜರ್ಮನಿಯ ರೋಲಿ ಮನೆತನದ ಕ್ಯಾಮೆರಾ ಸರಿ. ಇದಕ್ಕೆ ಎರಡು ಕಣ್ಣು. ಮೇಲಿನ ಕಣ್ಣು ನಮಗೆ ತೋರಿಸಲು, ಕೆಳಗಿನದು ಫಿಲ್ಮಿಗೆ. ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ, ಮೇಲಿರುವ ಗಾಜಿನಲ್ಲಿ ನೋಡಬೇಕು. ಚಿತ್ರ ಅಂಗೈಯಗಲದ ಚೌಕವಾಗಿ ಕಾಣುತ್ತದೆ. ಒಂದು ಸುರುಳಿಗೆ ಹನ್ನೆರಡು ಚೌಕ. ಮನೆತನದಲ್ಲಿ ಹಿರಿಯದು ರೋಲಿಫ್ಲೆಕ್ಸ್, ಕಿರಿಯದು ರೋಲಿಕಾರ್ಡ್. ಹಿರಿಯದಕ್ಕೆ ಸುರುಳಿ ತಿರುಗಿಸಲು ಹಿಡಿಕೆ ಇದೆ, ಕಿರಿಯದಕ್ಕೆ ಗುಬುಟು. ಅವಸರವಿಲ್ಲದ ಕೆಲಸಕ್ಕೆ ಕಿರಿಯದೇ ಸಾಕು.

ಜೊತೆಗೆ ಬೇಕಾದವು: ಮೂರು ಕಾಲಿನ ಸ್ಟ್ಯಾಂಡು, ಗುಂಡಿ ಒತ್ತುವಾಗ ಕೈ ಅದುರದಂತೆ ಕೇಬಲ್, ಬೆಳಕಿನ ಝಳ ತಡೆಯುವ ಹುಡ್, ಬಯಲಿನಲ್ಲಿ ಆಕಾಶ ಬಿಳಿಚದಂತೆ ಹಳದಿ ಗಾಜು, ಹತ್ತಿರದಿಂದ ಮುಖ ತೆಗೆಯಲು ರೋಲಿನಾರ್ ಎಂಬ ಜೋಡಿ ಲೆನ್ಸು, ಕತ್ತಲ ಕೋಣೆಗೆ ಫ್ಲಾಶ್ ಗನ್ನು, ಚರ್ಮದ ಕೇಸು.

ಕ್ಯಾಮೆರಾ ಹಿಡಿಯುವ ಮಹನೀಯರು ಯಾರು? ಅವರಿಗೆ ಮುಂಚೆ ಅಭ್ಯಾಸವಿದೆಯೇ? ತಿಳಿಸಿದರೆ ಅವರಿಗೆ ತಕ್ಕಂತೆ ಸೂಚನೆ ಬರೆಯುತ್ತೇನೆ.

ಸಣ್ಣಸ್ವಾಮಿ


ಮಾದಾಪುರ
೧೪ ಮಾರ್ಚ್ ೧೯೫೩

ಸಣ್ಣಸ್ವಾಮಿಯವರಿಗೆ,

ಕಿರಿಯದನ್ನೇ ಕಳಿಸಿ. ನಮ್ಮ ಮನೆಯಲ್ಲಿ ಕಿರಿಯರೇ ಹೆಚ್ಚು ಕೆಲಸ ಮಾಡುವುದು.

ಸ್ಟ್ಯಾಂಡು, ಕೇಬಲ್, ಹುಡ್, ಹಳದಿ ಗಾಜು, ಜೋಡಿ ಲೆನ್ಸು ಇರಲಿ. ಚರ್ಮದ ಕೇಸು ಬೇಡ. ಲಿಂಗಪೂಜೆ ನಡೆಯುವ ಪಡಸಾಲೆಗೆ ಚರ್ಮ ತರುವುದಿಲ್ಲ. ಒಳಗೆ ಹತ್ತಿ ಇಟ್ಟು ಖಾದಿಯ ಚೀಲ ಹೊಲಿಸುತ್ತೇನೆ. ಅಳತೆ ಬರೆಯಿರಿ. ಫ್ಲಾಶ್ ಗನ್ನೂ ಬೇಡ. ಶಿವನ ಪಾದ ಸೇರಿದವರ ಮುಖಕ್ಕೆ ಮಿಂಚು ಹೊಡೆಸುವುದು ನನಗೆ ಒಪ್ಪಿಗೆಯಿಲ್ಲ.

ಕ್ಯಾಮೆರಾ ಹಿಡಿಯುವವರು ನಮ್ಮ ಮನೆಯವರೇ. ಅಭ್ಯಾಸವಿಲ್ಲ. ಕೈ ಒಳ್ಳೆಯದು.

ನೀವು ತಾಯಿಗೆ ಪತ್ರ ಬರೆಯುತ್ತೀರಾ? ಕೇಳಿದ್ದು ಅಧಿಕಪ್ರಸಂಗವೆನಿಸಿದರೆ ಉತ್ತರಿಸಬೇಡಿ.

ಗುರುಸಿದ್ದಮ್ಮ


ಮದರಾಸು
೨ ಮೇ ೧೯೫೩

ಮಾತೃಶ್ರೀಯವರಿಗೆ ನಮಸ್ಕಾರಗಳು.

ಪಾರ್ಸೆಲು ನಿನ್ನೆ ರೈಲಿಗೆ ಹಾಕಿದೆ. ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತದೆ. ಹತ್ತು ಸುರುಳಿ ಫಿಲ್ಮನ್ನೂ ಇಟ್ಟಿದ್ದೇನೆ. ತೆಗೆದ ಸುರುಳಿಗಳನ್ನು ನಮಗೇ ಕಳಿಸಿ. ತೊಳೆದು ಪ್ರಿಂಟ್ ಮಾಡುವುದು ನನ್ನದೇ ಕೈ.

ಸೂಚನೆಗಳ ಹಾಳೆ ಇದರೊಂದಿಗಿದೆ. ಅದರಲ್ಲಿ ಮೂರನೆಯದನ್ನು ಇಲ್ಲೂ ಬರೆಯುತ್ತೇನೆ, ಹೊಸಬರೆಲ್ಲ ಎಡವುವುದು ಅಲ್ಲೇ. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಅದು ನೋಡುವ ಗಾಜಿನ ಗುಣ ಮಾತ್ರ. ಫಿಲ್ಮಿನಲ್ಲಿ ಎಲ್ಲವೂ ಇದ್ದಂತೆಯೇ ಬರುತ್ತದೆ. ಆದ್ದರಿಂದ ಗಾಜಿನಲ್ಲಿ ಕಂಡದ್ದನ್ನು ನೋಡಿ ಎದುರಿನ ವಸ್ತುವನ್ನು ಆಚೀಚೆ ಮಾಡಬಾರದು.

ತಾಯಿಗೆ ತಿಂಗಳಿಗೊಂದು ಮನಿಯಾರ್ಡರು ಕಳಿಸುತ್ತೇನೆ. ಅದರ ತುದಿಯಲ್ಲಿರುವ ಜಾಗದಲ್ಲಿ ಕ್ಷೇಮ ಎಂದು ಬರೆಯುತ್ತೇನೆ. ಅವರಿಗೆ ಓದು ಬಾರದು.

ಸಣ್ಣಸ್ವಾಮಿ


ಮಾದಾಪುರ
೨೦ ಜೂನ್ ೧೯೫೩

ಸಣ್ಣಸ್ವಾಮಿಯವರಿಗೆ,

ಪಾರ್ಸೆಲು ಸುಖವಾಗಿ ಬಂತು. ಪೋಸ್ಟ್ ಮಾಸ್ಟರ್ ಉತ್ತಯ್ಯನವರು ಅದನ್ನು ತಾವೇ ಹೊತ್ತು ತಂದು, ಬಿಚ್ಚುವವರೆಗೆ ಕಾಫಿ ಕುಡಿಯುತ್ತ ಕುಳಿತಿದ್ದರು. ಒಳಗೆ ಕೋವಿ ಇದೆಯೆಂದು ನಂಬಿ ಬಂದಿದ್ದರಂತೆ.

ಸೂಚನೆಯ ಹಾಳೆಯ ಮೇಲೆ ಕಣ್ಣಾಡಿಸಿದೆ. ನಾನು ಹೈಸ್ಕೂಲು ಓದಿದವಳೆಂದು ಮೊದಲೇ ಬರೆದಿದ್ದೆ. ಮಗುವಿಗೆ ಹೇಳುವಂತೆ ಒಂದೊಂದನ್ನೂ ಎರಡು ಸಲ ಹೇಳಬೇಕಾಗಿಲ್ಲ. ಹಾಳೆಯನ್ನು ಕ್ಯಾಮೆರಾ ಹಿಡಿಯುವವರಿಗೆ ಕೊಟ್ಟಿದ್ದೇನೆ. ಅವರು ಅದನ್ನು ಬಾಯಿಪಾಠ ಮಾಡಿದ್ದಾರೆ. ತಲೆ ಬಗ್ಗಿಸಿ ನೋಡುವ ಕ್ಯಾಮೆರಾ ನನ್ನ ಕೈಗಲ್ಲ.

ಮೊದಲ ಸುರುಳಿ ಕಳಿಸಿದ್ದೇನೆ. ಒಂದರಿಂದ ನಾಲ್ಕರವರೆಗೆ ನಮ್ಮ ಮನೆ ಮಕ್ಕಳು. ಐದರಲ್ಲಿ ತೋಟದ ಆಳುಗಳ ಲೈನ್ಸ್ ಮನೆಯ ಚೋಮಿ. ಅವಳನ್ನು ತೆಗೆಯಲು ನಾನು ಹೇಳಿರಲಿಲ್ಲ. ಇದು ಯಾರ ಫೋಟೋಕ್ಕೆ ತರಿಸಿದ್ದೆಂದು ಕೇಳಿದವಳೇ ಸ್ಟ್ಯಾಂಡಿನ ಎದುರು ಬಂದು ನಿಂತಳು. "ಸತ್ತ್ ಮ್ಯಾಕೆ ತೆಗುದ್ರೆ ನಾನ್ ನೋಡೋದ್ ಯಾವಾಗವ್ವ? ಈಗ್ಲೇ ತೆಗೀರಿ, ಸತ್ತಾಗ ಇದ್ನೇ ಇಟ್ಕಳಿ" ಎಂದಳು. ಎಲ್ಲರೂ ನಕ್ಕರು. ನಾನು ಬೇಡವೆನ್ನುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಆರರಿಂದ ಒಂಬತ್ತರವರೆಗೆ ಗರಗಂದೂರಿನ ಮನೆಯೊಂದರ ಅಜ್ಜಿ, ಲಿಂಗೈಕ್ಯರಾದವರು. ಮೊದಲ ಸಲ.

ಗುರುಸಿದ್ದಮ್ಮ


ಮದರಾಸು
೧೧ ಜುಲೈ ೧೯೫೩

ಮಾತೃಶ್ರೀಯವರಿಗೆ ನಮಸ್ಕಾರಗಳು.

ಪ್ರಿಂಟುಗಳನ್ನು ಕಳಿಸಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ನೋಡಿದರು. ಹೊಸ ಕೈ ಎಂದರೆ ಯಾರೂ ನಂಬಲಿಲ್ಲ. ಅಜ್ಜಿಯ ಹಣೆಯ ವಿಭೂತಿಯಲ್ಲಿ ಬೆರಳಿನ ಗೆರೆ ಕೂಡ ಎಣಿಸಬಹುದು. ಒಳಕೋಣೆಯ ಬೆಳಕಿಗೆ ಪೂರ್ತಿ ಒಂದು ಸೆಕೆಂಡು ತೆರೆದಿದ್ದಾರೆ, ಸರಿಯಾಗಿ ಲೆಕ್ಕ ಹಾಕಿದ್ದಾರೆ. ಆದರೆ ಸುತ್ತ ನಿಂತವರು ಅಲುಗಾಡಿ ಮಸುಕಾಗಿದ್ದಾರೆ, ಅಜ್ಜಿಯೊಬ್ಬರೇ ಸ್ಪಷ್ಟವಾಗಿದ್ದಾರೆ. ಮುಂದಿನ ಸಲ ಎಲ್ಲರೂ ಉಸಿರು ಹಿಡಿದು ನಿಲ್ಲುವಂತೆ ಹೇಳಬೇಕು.

ಚೋಮಿಯವರ ಚಿತ್ರ ನಮ್ಮ ಮಾಲೀಕರಿಗೆ ತುಂಬ ಹಿಡಿಸಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡಲು ಒಪ್ಪಿಗೆ ಕೇಳುತ್ತಿದ್ದಾರೆ. ನಿಮ್ಮ ಮಗನವರಿಗೋ ಅಳಿಯಂದಿರಿಗೋ, ಕ್ಯಾಮೆರಾ ಹಿಡಿದವರಿಗೆ, ನನ್ನ ಮೆಚ್ಚುಗೆ ತಿಳಿಸಿ. ಇಂಥ ಕೈಯವರು ಮೈಸೂರಿನಲ್ಲಿ ಸ್ಟುಡಿಯೋ ಇಟ್ಟರೆ ಬದುಕುತ್ತಾರೆ.

ಸಣ್ಣಸ್ವಾಮಿ


ಮಾದಾಪುರ
೩ ಆಗಸ್ಟ್ ೧೯೫೩

ಸಣ್ಣಸ್ವಾಮಿಯವರಿಗೆ,

ಚೋಮಿಯನ್ನು ಕೇಳಿದೆ. ಮದರಾಸಿನವರು ನೋಡಿದರೆ ತನಗೇನು ನಷ್ಟ ಎಂದಳು. ಇಟ್ಟುಕೊಳ್ಳಿ.

ಸ್ಟುಡಿಯೋ ಮಾತು ಬೇಡ. ನಮ್ಮ ಮನೆಯವರು ಎಲ್ಲಿ ಇರಬೇಕೆಂಬುದು ನಾನು ನೋಡಿಕೊಳ್ಳುತ್ತೇನೆ.

ಅಲುಗಾಡಬಾರದೆಂಬ ಸೂಚನೆ ಸರಿ. ಆದರೆ ಅಳುವವರಿಗೆ ಉಸಿರು ಹಿಡಿಯಿರೆಂದು ಹೇಳುವುದು ಸುಲಭವಲ್ಲ. ನಾನು ಹೇಳಿದರೆ ಹಿಡಿಯುತ್ತಾರೆ. ಹಾಗಾಗಿ ಇನ್ನು ಮುಂದೆ ನಾನೂ ಜೊತೆಗೆ ಹೋಗುತ್ತೇನೆ.

ಗುರುಸಿದ್ದಮ್ಮ


ಮಾದಾಪುರ
೧೧ ಡಿಸೆಂಬರ್ ೧೯೫೩

ಸಣ್ಣಸ್ವಾಮಿಯವರಿಗೆ,

ಈ ಸುರುಳಿಯನ್ನು ಬೇರೆಲ್ಲ ಕೆಲಸಕ್ಕಿಂತ ಮೊದಲು ತೊಳೆಯಬೇಕು. ದೊಡ್ಡಮನೆಯ ಮಹದೇವಪ್ಪನವರು ಮೊನ್ನೆ ಲಿಂಗೈಕ್ಯರಾದರು. ವೀಳ್ಯದ ವಾದದ ಮನೆ ಎಂದು ಬರೆದಿದ್ದೆನಲ್ಲ, ಅದೇ. ಬದುಕಿದ್ದಾಗ ನಮ್ಮ ಅಂಗಳಕ್ಕೆ ಅವರು ಹನ್ನೊಂದು ವರ್ಷ ಕಾಲಿಟ್ಟಿರಲಿಲ್ಲ. ತೀರಿಕೊಂಡಾಗ ಫೋಟೋಕ್ಕೆ ಕರೆ ಬಂದದ್ದು ನಮ್ಮ ಮನೆಗೇ. ತೋಟದಲ್ಲಿ ಕಾಫಿ ಪಿಕಿಂಗ್ ನಡೆಯುತ್ತಿತ್ತು. ಆಳುಗಳನ್ನು ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಿ ಹೋದೆವು.

ಮನೆಯವರು ಇಪ್ಪತ್ತಾರು ಜನ. ಎಲ್ಲರನ್ನೂ ನಾನೇ ನಿಲ್ಲಿಸಿದೆ. ಅವರ ಹೆಂಡತಿ ಸುಲೋಚನಮ್ಮ ಬಲಗಡೆ, ಒಂದು ಕಣ್ಣಿನ ತಮ್ಮ ಎಡಗಡೆ. ಇಷ್ಟು ದೊಡ್ಡ ಮನೆಯ ಕೆಲಸ, ತಪ್ಪಾಗಬಾರದೆಂದು ಮೊದಲ ಬಾರಿಗೆ ನಾನೂ ಆ ಗಾಜಿನಲ್ಲಿ ನೋಡಿದೆ. ನೋಡಿದ್ದು ಒಳ್ಳೆಯದಾಯಿತು. ಲಿಂಗ ಬಲ ಅಂಗೈಯಲ್ಲಿತ್ತು. ಮಠದ ಅಯ್ಯನವರು ಸಮಾಧಿಯ ಗುಂಡಿ ನೋಡಲು ಹೊರಗೆ ಹೋಗಿದ್ದರು. ಅವರೇ ಇಟ್ಟದ್ದು, ಪಾಪ, ವಯಸ್ಸಾಗಿದೆ. ನಾನು ಹೋಗಿ, ಹೂವಿನ ರಾಶಿಯ ಕೆಳಗೆ ಕೈ ಹಾಕಿ, ಲಿಂಗವನ್ನು ಆ ಕೈಯಿಂದ ಈ ಕೈಗೆ ಇಟ್ಟು ಬಂದೆ. ಮತ್ತೆ ಗಾಜಿನಲ್ಲಿ ನೋಡಿದೆ, ಸರಿಯಾಗಿ ಎಡಕ್ಕೆ ಬಂದಿತ್ತು. ಕ್ಯಾಮೆರಾ ಹಿಡಿದವರು ಏನೋ ಹೇಳಲು ಬಾಯಿ ತೆರೆದರು. ಆ ಹೊತ್ತಿನಲ್ಲಿ ಮಾತು ಬೇಡವೆಂದೆ.

ಏಳನೆಯ ಚೌಕ ಅದು. ಅದನ್ನು ದೊಡ್ಡದು ಮಾಡಿ, ಗೋಡೆಗೆ ಹಾಕುವ ಅಳತೆಗೆ, ಎರಡು ಪ್ರತಿ ಕಳಿಸಿ.

ಗುರುಸಿದ್ದಮ್ಮ


ಮದರಾಸು
೨೩ ಡಿಸೆಂಬರ್ ೧೯೫೩

ಮಾತೃಶ್ರೀಯವರಿಗೆ ನಮಸ್ಕಾರಗಳು.

ಏಳನೆಯ ಚೌಕದ ಎರಡು ದೊಡ್ಡ ಪ್ರತಿ ಕಳಿಸಿದ್ದೇನೆ. ಇಪ್ಪತ್ತಾರು ಜನರಲ್ಲಿ ಒಬ್ಬರೂ ಅಲುಗಿಲ್ಲ. ನೀವು ನಿಲ್ಲಿಸಿದ್ದೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಪ್ರಿಂಟ್ ಮಾಡುವಾಗ ನೆಗೆಟಿವ್ ಒಂದಿಷ್ಟು ತೊಂದರೆ ಕೊಟ್ಟಿತು. ನನಗೆ ತಿಳಿದಂತೆ ಸರಿಮಾಡಿದ್ದೇನೆ. ಲಿಂಗ ಎಡಗೈಯಲ್ಲೇ ಇದೆ. ಹೆಚ್ಚು ಯೋಚನೆ ಬೇಡ.

ಸಣ್ಣಸ್ವಾಮಿ


ಮಾದಾಪುರ
೧೦ ಜನವರಿ ೧೯೫೪

ಸಣ್ಣಸ್ವಾಮಿಯವರಿಗೆ,

ನೀವು ಮಾಡಿದ್ದೇನು?

ಪ್ರಿಂಟನ್ನು ನಾನೇ ದೊಡ್ಡಮನೆಗೆ ಒಯ್ದು ಕೊಟ್ಟೆ. ಸುಲೋಚನಮ್ಮ ಮಡಿಲಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಮೈದುನನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. ಆತನಿಗೆ ಇಲ್ಲದಿರುವುದು ಎಡಗಣ್ಣು. ಫೋಟೋದಲ್ಲಿ ಇಲ್ಲದಿರುವುದು ಬಲಗಣ್ಣು. ಹೆಂಗಸರೆಲ್ಲರ ಸೆರಗು ಬಲ ಹೆಗಲ ಮೇಲಿದೆ, ಕೊಡವರ ಹೆಂಗಸರಂತೆ. ಮೂಗುಬೊಟ್ಟು ಆಚೆಗೆ ಹೋಗಿದೆ. ಮಹದೇವಪ್ಪನವರ ಕೈಯೊಂದನ್ನು ಬಿಟ್ಟು ಇಡೀ ಮನೆಯೇ ತಿರುಗಿ ನಿಂತಿದೆ.

"ಗುರುಸಿದ್ದಕ್ಕ, ನಮ್ಮನೇನ ಮಗುಚಿ ಹಾಕ್ಬೇಕು ಅಂತ ನಿಮ್ ಮಾವನ್ ಕಾಲ್ದಿಂದ ನೋಡ್ತಿದ್ರಿ. ಅಂತೂ ಮಗುಚಿದ್ರಿ" ಎಂದರು ಸುಲೋಚನಮ್ಮ.

ಇಂಥ ಮಾತಿಗೆ ಉತ್ತರ ಕೊಡದೆ ಎದ್ದು ಬಂದದ್ದು ಇದೇ ಮೊದಲು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕ್ಯಾಮೆರಾ ಹಿಡಿಯುವುದು ನನ್ನ ಮಗ ರೇವಣ್ಣನಲ್ಲ, ಅವನ ಹೆಂಡತಿ ವಿಮಲಮ್ಮ. ಹೆಂಗಸೆಂದರೆ ನೀವು ಹಗುರವಾಗಿ ನೋಡಬಹುದೆಂದು ಬರೆದಿರಲಿಲ್ಲ. ಈಗ ಊರೆಲ್ಲ ಅವಳ ಕೈಯನ್ನೇ ಆಡಿಕೊಳ್ಳುತ್ತಿದೆ. ಹೆಂಗಸಿನ ಕೈಗೆ ಯಂತ್ರ ಕೊಟ್ಟರೆ ಸತ್ತವರಿಗೂ ನೆಮ್ಮದಿಯಿಲ್ಲ ಎನ್ನುತ್ತಾರಂತೆ. ಸೋಮವಾರಪೇಟೆಯ ಒಂದು ಮನೆಯವರು ಅಜ್ಜಿಗೆ ಹುಷಾರಿಲ್ಲ, ಕರೆದಾಗ ವಿಮಲಮ್ಮ ಬರಬೇಕು ಎಂದು ಮುಂಚೆಯೇ ಹೇಳಿ ಕಳಿಸಿದ್ದರು. ಈಗ ಬೇಡವೆಂದು ಹೇಳಿ ಕಳಿಸಿದ್ದಾರೆ. ಮಗನೂ ಕ್ಯಾಮೆರಾ ಮಾರಿಬಿಡೋಣ ಎನ್ನುತ್ತಿದ್ದಾನೆ. ಅವಳು ಏಲಕ್ಕಿ ಆರಿಸುತ್ತ ಕುಳಿತಿರುತ್ತಾಳೆ. ಬೈದರೆ ನನಗೆ ಸಮಾಧಾನವಾಗುತ್ತಿತ್ತು.

ತಪ್ಪು ನಿಮ್ಮ ಅಂಗಡಿಯದಾದರೆ ಅಂಗಡಿಯ ಕಾಗದದ ಮೇಲೆ ಬರೆದು ಕೊಡಿ. ನೆಗೆಟಿವ್ ಇದ್ದಂತೆಯೇ ಇನ್ನೊಂದು ಪ್ರಿಂಟ್ ಮಾಡಿ ಕಳಿಸಿ.

ಗುರುಸಿದ್ದಮ್ಮ


ಮದರಾಸು
೨೨ ಜನವರಿ ೧೯೫೪

ಮಾತೃಶ್ರೀಯವರಿಗೆ ನಮಸ್ಕಾರಗಳು.

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೊದಲೇ ಹೇಳಬೇಕಾಗಿದ್ದುದನ್ನು ಈಗ ಹೇಳುತ್ತಿದ್ದೇನೆ, ಕ್ಷಮಿಸಿ.

ನೆಗೆಟಿವ್ ಯಾವ ತೊಂದರೆಯನ್ನೂ ಕೊಡಲಿಲ್ಲ. ಅದರಲ್ಲಿ ಲಿಂಗ ಬಲ ಅಂಗೈಯಲ್ಲೇ ಇತ್ತು. ನಿಮ್ಮ ಡಿಸೆಂಬರಿನ ಪತ್ರವನ್ನು ಮತ್ತೆ ಓದಿದಾಗ ಕಾರಣ ತಿಳಿಯಿತು. ಗಾಜಿನಲ್ಲಿ ಎಡ ಬಲವಾಗಿ ಕಾಣುತ್ತದೆಂದು ಮೇ ತಿಂಗಳಲ್ಲಿ ಬರೆದಿದ್ದೆ, ಹಾಳೆಯಲ್ಲೂ ಮೂರನೆಯದಾಗಿ ಇತ್ತು. ಅಯ್ಯನವರು ಸರಿಯಾದ ಕೈಯಲ್ಲೇ ಇಟ್ಟಿದ್ದರು. ಅದನ್ನು ನೀವು ತೆಗೆದು ಇನ್ನೊಂದು ಕೈಗೆ ಇಟ್ಟಿರಿ. ನಿಮಗೆ ಇದನ್ನು ಬರೆಯುವ ಧೈರ್ಯ ನನಗಿರಲಿಲ್ಲ. ಅದಕ್ಕೇ ನೆಗೆಟಿವನ್ನು ಮಗುಚಿ ಪ್ರಿಂಟ್ ಮಾಡಿದೆ. ಕೈಯನ್ನಷ್ಟೇ ನೋಡಿದೆ, ಸೆರಗುಗಳನ್ನು ನೋಡಲಿಲ್ಲ.

ಇನ್ನೊಂದು ವಿಷಯವಿದೆ. ಸುರುಳಿಯಲ್ಲಿ ಎಂಟನೆಯ ಚೌಕವೂ ಇದೆ. ನೀವು ಅದರ ಬಗ್ಗೆ ಬರೆದಿರಲಿಲ್ಲ, ನಿಮಗೆ ತಿಳಿದಿಲ್ಲವೆಂದು ಕಾಣುತ್ತದೆ. ಅದರಲ್ಲಿ ಬೇರೆ ಯಾರೂ ಇಲ್ಲ, ಮಹದೇವಪ್ಪನವರೊಬ್ಬರೇ. ಜೋಡಿ ಲೆನ್ಸು ಹಾಕಿ ಹತ್ತಿರದಿಂದ ತೆಗೆದದ್ದು. ಹೂಗಳನ್ನು ಸ್ವಲ್ಪ ಸರಿಸಲಾಗಿದೆ. ಲಿಂಗ ಎಡ ಅಂಗೈಯಲ್ಲಿದೆ. ಏಳು ಮತ್ತು ಎಂಟರ ನಡುವೆ ಯಾರೋ ಅದನ್ನು ಮೊದಲಿದ್ದಲ್ಲಿಗೆ ಮರಳಿ ಇಟ್ಟಿದ್ದಾರೆ. ಆಗ ಕೋಣೆಯಲ್ಲಿ ಇದ್ದವರು ಕ್ಯಾಮೆರಾ ಹಿಡಿದವರೊಬ್ಬರೇ ಇರಬೇಕು.

ಅವರು ಹೆಂಗಸೆಂದು ತಿಳಿದು ನನಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಅವರನ್ನು ನಿಮ್ಮ ಮಗ, ಅಳಿಯ ಎಂದೆಲ್ಲ ಬರೆದೆ.

ಮಗುಚದ ಏಳು, ಮತ್ತು ಎಂಟು, ಎರಡನ್ನೂ ಕಳಿಸಿದ್ದೇನೆ. ಆದರೆ ಅವನ್ನು ತೋರಿಸುವ ಅಗತ್ಯವಿಲ್ಲ. ನಮ್ಮಲ್ಲಿ ರಿಟಚ್ ಮಾಡುವ ಮುದುಕರೊಬ್ಬರಿದ್ದಾರೆ. ಏಳರಲ್ಲಿರುವ ಲಿಂಗವನ್ನು ಕುಂಚದಿಂದ ಎಡಗೈಗೆ ತರಬಲ್ಲರು, ಭೂತಗನ್ನಡಿ ಹಿಡಿದರೂ ತಿಳಿಯದು. ಮಗುಚಿದ್ದು ನಮ್ಮ ಅಂಗಡಿಯ ತಪ್ಪೆಂದು ನಾನು ಕಾಗದ ಬರೆದು ಕೊಡುತ್ತೇನೆ. ಅದು ಸುಳ್ಳೂ ಅಲ್ಲ. ವಿಮಲಮ್ಮನವರ ಹೆಸರೂ ಉಳಿಯುತ್ತದೆ, ನಿಮ್ಮದೂ. ಒಂದು ಸಾಲು ಬರೆಯಿರಿ ಸಾಕು.

ಸಣ್ಣಸ್ವಾಮಿ


ಮದರಾಸು
೨೦ ಫೆಬ್ರವರಿ ೧೯೫೪

ಮಾತೃಶ್ರೀಯವರಿಗೆ ನಮಸ್ಕಾರಗಳು.

ಒಂದು ತಿಂಗಳಾಯಿತು, ಉತ್ತರವಿಲ್ಲ. ರಿಟಚ್ ಮಾಡುವವರಿಗೆ ಹೇಳಿಟ್ಟಿದ್ದೇನೆ, ಅವರು ಕಾಯುತ್ತಿದ್ದಾರೆ. ನನ್ನ ಮಾತಿನಿಂದ ನೊಂದಿದ್ದರೆ ಅದನ್ನಾದರೂ ಬರೆಯಿರಿ.

ಸಣ್ಣಸ್ವಾಮಿ


ಮಾದಾಪುರ
೭ ಮಾರ್ಚ್ ೧೯೫೪

ಸಣ್ಣಸ್ವಾಮಿಗೆ,

ವಯಸ್ಸಿನಲ್ಲಿ ಚಿಕ್ಕವನು, ಇನ್ನು ಬಹುವಚನ ಬಿಡುತ್ತೇನೆ. ನಿನ್ನ ಮಾತಿನಿಂದ ನೋಯಲಿಲ್ಲ. ನಿನ್ನ ಪತ್ರ ಬಂದ ದಿನ ಉತ್ತರ ಬರೆದೆ. ರಿಟಚ್ ಮಾಡಿಸು ಎಂದು ಬರೆದೆ. ಲಕೋಟೆ ಅಂಟಿಸಿ ಉತ್ತಯ್ಯನವರ ಆಫೀಸಿನವರೆಗೆ ಹೋದೆ. ಅವರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕುಳಿತೆ. ಅವರು ಬರುವ ಹೊತ್ತಿಗೆ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಮರಳಿದ್ದೆ. ಅದು ಸೀದಾ ಒಲೆಗೆ ಹೋಯಿತು.

ಆಮೇಲೆ ಹತ್ತು ಹನ್ನೆರಡು ದಿನ ನಾನು ಆ ಎರಡು ಪ್ರಿಂಟುಗಳನ್ನು ನೋಡಿಕೊಂಡಿದ್ದೆ, ಅಷ್ಟೇ. ಒಂದು ಮಧ್ಯಾಹ್ನ ವಿಮಲಮ್ಮನನ್ನು ಕರೆದು ಎಂಟನೆಯದನ್ನು ಎದುರಿಗಿಟ್ಟೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಕ್ಕೆ ಬಂದೆ ಅತ್ತೆಮ್ಮ, ಮಾತು ಬ್ಯಾಡ ಅಂದ್ರಿ. ಇಪ್ಪತ್ತಾರು ಜನದ ಮುಂದೆ ಎರಡ್ನೇ ಸಲ ಹೆಂಗೆ ಹೇಳದು? ಹೂ ಸರಿ ಮಾಡ್ತೀನಿ ಅಂತ ಒಳಗೇ ನಿಂತ್ಕಂಡು, ಲಿಂಗಕ್ಕೆ ಹೇಳಿ ಎತ್ತಿಟ್ಟೆ."

ಫೋಟೋ ಯಾಕೆ ತೆಗೆದೆ, ಯಾರಿಗೆ ತೋರಿಸಲು ಎಂದೆ. ಯಾರಿಗೂ ಅಲ್ಲ ಎಂದಳು. ಮುಂದೆ ಎಂದಾದರೂ ತನಗೇ ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಇರಲಿ ಎಂದು ತೆಗೆದಳಂತೆ. ಊರವರು ಆಡಿಕೊಂಡಾಗಲೂ ಅವಳ ಬಳಿ ಈ ಸಾಕ್ಷಿ ಇತ್ತು. ಸುರುಳಿ ನಿನ್ನ ಹತ್ತಿರ ಇದೆಯೆಂದು ಅವಳಿಗೆ ಗೊತ್ತಿತ್ತು. ತರಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ತಪ್ಪು ನನ್ನ ಮೇಲೆ ಬರುತ್ತಿತ್ತು.

ನೀನು ಹೇಳಿದ ದಾರಿಯನ್ನು ಮತ್ತೆ ಯೋಚಿಸಿದೆ. ರಿಟಚ್ ಮಾಡಿಸಿದರೆ ನನ್ನ ಹೆಸರು ಉಳಿಯುತ್ತದೆ. ಅವಳ ಹೆಸರು ಉಳಿಯುವುದಿಲ್ಲ. ಅಂಗಡಿಯ ಕಾಗದ ತೋರಿಸಿದರೆ ದೊಡ್ಡಮನೆಯವರು ಎದುರಿಗೆ ಹೌದೆನ್ನುತ್ತಾರೆ, ಬೆನ್ನ ಹಿಂದೆ ಅವಳ ಕೈಯನ್ನೇ ಆಡಿಕೊಳ್ಳುತ್ತಾರೆ. ಅದೂ ಅಲ್ಲದೆ ಅಂದು ನಾನು ಹೂವಿನ ಕೆಳಗೆ ಕೈ ಹಾಕಿದ್ದನ್ನು ಇಪ್ಪತ್ತಾರು ಜನ ನೋಡಿದ್ದಾರೆ. ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ನೆನಪಾಗುತ್ತದೆ. ಆಗ ಸಮಾಧಿಯಲ್ಲಿ ಲಿಂಗ ಯಾವ ಕೈಯಲ್ಲಿದೆ ಎಂಬ ಸಂಶಯ ಹುಟ್ಟುತ್ತದೆ. ಅದನ್ನು ತೆಗೆದು ನೋಡುವವರಿಲ್ಲ. ಸುಲೋಚನಮ್ಮ ಸಾಯುವವರೆಗೆ ಆ ಸಂಶಯದಲ್ಲಿ ಬದುಕಬೇಕು. ನನಗೆ ಅವರ ಮೇಲೆ ಪ್ರೀತಿಯೇನಿಲ್ಲ. ಆದರೂ ಅದು ನಾನು ಯಾರಿಗೂ ಕೊಡುವ ಶಿಕ್ಷೆಯಲ್ಲ.

ಕಳೆದ ಸೋಮವಾರ ಮಠದ ಅಯ್ಯನವರನ್ನು ಕರೆದುಕೊಂಡು ದೊಡ್ಡಮನೆಗೆ ಹೋದೆ. ವಿಮಲಮ್ಮನನ್ನೂ ಕರೆದೊಯ್ದೆ. ಒಂದು ಕಣ್ಣಿನ ಮೈದುನ, ಮನೆಯ ಗಂಡಸರು, ಎಲ್ಲರೂ ಪಡಸಾಲೆಯಲ್ಲಿದ್ದರು. ನೀನು ಕಳಿಸಿದ ಹಾಳೆಯ ಮೂರನೆಯ ಸೂಚನೆಯನ್ನು ನಿಂತುಕೊಂಡೇ ಗಟ್ಟಿಯಾಗಿ ಓದಿದೆ. ಓದಿ, ಇದನ್ನು ಓದದೆ ಗಾಜಿಗೆ ಕಣ್ಣಿಟ್ಟವಳು ನಾನು, ಅಯ್ಯನವರು ಸರಿಯಾಗಿ ಇಟ್ಟದ್ದನ್ನು ತಪ್ಪು ಮಾಡಿದವಳೂ ನಾನು, ಸೊಸೆ ಅದನ್ನು ಸರಿಮಾಡಿದಳು ಎಂದು ಹೇಳಿದೆ. ಎರಡೂ ಪ್ರಿಂಟುಗಳನ್ನು ಚಾಪೆಯ ಮೇಲೆ ಇಟ್ಟೆ. ಇಷ್ಟು ಹೇಳಲು ಮೂರು ನಿಮಿಷವೂ ಹಿಡಿಯಲಿಲ್ಲ.

ಅಯ್ಯನವರು ಎಂಟನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಮಾಧಿಗೆ ಇಳಿಸುವಾಗ ತಾವು ಕಂಡದ್ದು ಹೀಗೇ ಎಂದು ಒಪ್ಪಿಕೊಂಡರು. ಸುಲೋಚನಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಂತರ ನನ್ನ ಕಡೆ ತಿರುಗಿದರು.

"ಈ ಮಾತು ಹೇಳಕ್ಕೆ ನಿಮಗೆ ಎರಡು ತಿಂಗಳು ಬೇಕಾಯ್ತಾ ಗುರುಸಿದ್ದಕ್ಕ?"

ಹೌದೆಂದೆ.

"ನಾನಾಗಿದ್ರೆ ಹೇಳ್ತಾನೇ ಇರ್ಲಿಲ್ಲ" ಎಂದರು. ಅದು ಹೊಗಳಿಕೆಯಲ್ಲ, ಅವರು ಹೊಗಳುವವರೂ ಅಲ್ಲ. ಆಮೇಲೆ ವಿಮಲಮ್ಮನನ್ನು ಹತ್ತಿರ ಕೂರಿಸಿಕೊಂಡು, ಅಂದು ಕೊನೆಯಲ್ಲಿ ಯಜಮಾನರ ಮುಖ ಹೇಗಿತ್ತು, ಹತ್ತಿರದಿಂದ ನೋಡಿದವಳು ನೀನೊಬ್ಬಳೇ ಎಂದು ಕೇಳತೊಡಗಿದರು. ಅವಳು ಮೆಲ್ಲಗೆ ಹೇಳುತ್ತ ಹೋದಳು. ನಮಗೆಲ್ಲ ಕಾಫಿ ಬಂತು. ಲೋಟ ಮೊದಲು ಕೊಟ್ಟದ್ದು ನನಗಲ್ಲ, ಅವಳಿಗೆ.

ಎಂಟನೆಯದನ್ನು ಅವರು ತಮ್ಮ ಮನೆಯ ಗೋಡೆಗೆ ಹಾಕುತ್ತಾರಂತೆ. ಏಳನೆಯದು ಅವರಿಗೆ ಬೇಡ. ಹರಿದು ಹಾಕಿ ಎಂದರು, ಮರಳಿ ತಂದೆ.

ಸೋಮವಾರಪೇಟೆಯ ಅಜ್ಜಿ ಗುರುವಾರ ತೀರಿಕೊಂಡರು. ಮತ್ತೆ ಕರೆ ಬಂತು. ವಿಮಲಮ್ಮ ಹೋದಳು. ರೇವಣ್ಣ ಸ್ಟ್ಯಾಂಡು ಹೊತ್ತುಕೊಂಡು ಅವಳ ಹಿಂದೆ ಹೋದ. ನಾನು ಹೋಗಲಿಲ್ಲ. ಅಲ್ಲಿ ಎಲ್ಲರೂ ಉಸಿರು ಹಿಡಿದು ನಿಂತರೇ ಎಂದು ಕೇಳಿದ್ದಕ್ಕೆ, ಯಾರಿಗೂ ಹಾಗೆ ಹೇಳಲಿಲ್ಲ, ಅವರು ಅತ್ತು ಮುಗಿಸುವವರೆಗೆ ಕಾದೆ ಎಂದಳು. ಆ ಸುರುಳಿ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ಅದರ ಪ್ರಿಂಟು, ಸೂಚನೆ, ಪತ್ರ, ಎಲ್ಲವನ್ನೂ ಇನ್ನು ಶ್ರೀಮತಿ ವಿಮಲಮ್ಮ ಎಂಬ ಹೆಸರಿಗೆ ಕಳಿಸು. ಅವಳು ನಿನಗೆ ನೇರವಾಗಿ ಬರೆಯುತ್ತಾಳೆ. ರಿಟಚ್ ಮಾಡುವ ಹಿರಿಯರಿಗೆ ತೊಂದರೆ ಕೊಟ್ಟದ್ದಕ್ಕೆ ನನ್ನ ಹೆಸರಿನಲ್ಲಿ ಕ್ಷಮೆ ಕೇಳು.

ಏಳನೆಯದಕ್ಕೆ ಬೀಟೆ ಮರದ ಚೌಕಟ್ಟು ಹಾಕಿಸಿ, ನಮ್ಮ ಪಡಸಾಲೆಯಲ್ಲಿ, ಮದುವೆಯ ವೀಳ್ಯ ಕೊಡಲು ಬಂದವರು ಕೂರುವ ಬೆಂಚಿನ ಎದುರು ಗೋಡೆಗೆ ನಿನ್ನೆ ತೂಗುಹಾಕಿಸಿದ್ದೇನೆ. ಕೆಳಗಿನ ಬಿಳಿ ಅಂಚಿನಲ್ಲಿ ಕಪ್ಪು ಶಾಯಿಯಿಂದ ನನ್ನ ಕೈಯಾರೆ ಬರೆದಿದ್ದೇನೆ: "ಲಿಂಗವನ್ನು ಬಲಗೈಗೆ ಇಟ್ಟವಳು ಗುರುಸಿದ್ದಮ್ಮ. ಚಿತ್ರ ತೆಗೆದವಳು ವಿಮಲಮ್ಮ."

ಗುರುಸಿದ್ದಮ್ಮ